ಬಣ್ಣದ ಮನೆಯ ಚೀಟಿಗಳು

ಇಳಕಲ್ಲ
ನವೆಂಬರ್ 11, ಮಧ್ಯಾಹ್ನ

ಪ್ರೀತಿಯ ವಂದನಾ ಅಕ್ಕೋರಿಗೆ,

ಹುನಗುಂದ ಹೈಸ್ಕೂಲು, ಒಂಬತ್ತನೇ ಇಯತ್ತೆ, ಕಿಟಕಿ ಪಕ್ಕದ ಎರಡನೇ ಬೆಂಚಿನ ಜಯಶ್ರೀಯ ನಮಸ್ಕಾರ. ನೀವು ಎಷ್ಟು ಸಲ ಎಬ್ಬಿಸಿ ನಿಲ್ಲಿಸಿದ್ದೀರೋ ಅಷ್ಟು ನಮಸ್ಕಾರ.

ನಿಮ್ಮ ಪತ್ರ ಸಿಕ್ಕಿತು. ಬಾಗಲಕೋಟೆ ವಿದ್ಯಾಗಿರಿಯ ಕಾಲೇಜಿನಲ್ಲಿ ನನಗೆ ಬಿ.ಎಡ್. ಸೀಟು ಬಂದಿದೆ, ಹದಿನೆಂಟನೇ ತಾರೀಖು ಮೂಲ ದಾಖಲೆಗಳನ್ನು ಹಿಡಿದುಕೊಂಡು ಬಾ, ಆ ದಿನ ತಪ್ಪಿದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೀರಿ. ಆ ಗೆರೆ ನೋಡಿ ಮೊದಲು ನಗು ಬಂತು. ಆಮೇಲೆ ಪತ್ರವನ್ನು ಜೋಳದ ಡಬ್ಬಿಯಲ್ಲಿ ಇಟ್ಟೆ. ಮೂರು ದಿನದಿಂದ ಹಿಟ್ಟಿಗೆ ಜೋಳ ತೆಗೆಯುವಾಗಲೆಲ್ಲ ಅದು ಕೈಗೆ ತಗಲುತ್ತಿದೆ.

ಅಕ್ಕೋರೇ, ನಾನು ಬರುವುದಿಲ್ಲ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಬೈಯುತ್ತೀರಿ, ನಾನು ಅಳುತ್ತೇನೆ, ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಕಿವಿ ಕೊಡುತ್ತಾರೆ. ಅದಕ್ಕೇ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಹಾಕಿ, ನೆರಳಲ್ಲಿ ಕೂತು ಬರೆಯುತ್ತಿದ್ದೇನೆ.

ಕಾರಣ ಇಷ್ಟೇ. ನಮ್ಮ ಅತ್ತೆಯವರ, ಅಂದರೆ ಬೋರವ್ವನವರ, ಬಲಗೈ ಸುಟ್ಟಿದೆ. ಮೊಳಕೈಯಿಂದ ಮಣಿಕಟ್ಟಿನವರೆಗೆ ಪಟ್ಟಿ. ಕಣ್ಣಿನ ಕೆಳಗೂ ಎರಡು ಹನಿ ಸಿಡಿದ ಕಲೆ ಇದೆ. ಕಣ್ಣು ಉಳಿದದ್ದು ಬೀರಪ್ಪ ದೇವರ ದಯೆ ಎಂದು ಮನೆಯವರೆಲ್ಲ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಇಂಥ ಹೊತ್ತಿನಲ್ಲಿ ಸೊಸೆಯಾದವಳು ಓದಲು ಹೊರಟರೆ ಊರು ಏನನ್ನುತ್ತದೆ ಹೇಳಿ?

ಹಾಗೆ ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆದರೆ ನೀವು ಅಷ್ಟಕ್ಕೆ ಬಿಡುವವರಲ್ಲ. ಪ್ರಯೋಗ ಕೆಟ್ಟರೆ ಹೇಗೆ ಕೆಟ್ಟಿತು ಬರಿ ಎಂದು ರೆಕಾರ್ಡ್ ಪುಸ್ತಕ ವಾಪಸು ಎಸೆಯುತ್ತಿದ್ದಿರಿ. ಬರೆಯುತ್ತೇನೆ.

ನಮ್ಮದು ಬಣ್ಣ ಹಾಕುವ ಮನೆ. ಮಗ್ಗದವರು ಹಸಿ ನೂಲು, ರೇಷ್ಮೆ ತಂದುಕೊಡುತ್ತಾರೆ, ನಾವು ಬಣ್ಣ ಹಾಕಿ ಒಣಗಿಸಿ ಕೊಡುತ್ತೇವೆ. ಅದರಲ್ಲಿ ಸೀರೆಯ ಸೆರಗಿನ ಕೆಂಪು ಮಾತ್ರ ಮೂವತ್ತು ವರ್ಷದಿಂದ ಅತ್ತೆಯವರ ಕೈಯದು. ಎಷ್ಟು ಬಣ್ಣ, ಎಷ್ಟು ಹುಳಿ, ಯಾವಾಗ ಇಳಿಸಬೇಕು ಎಂಬುದನ್ನು ಹೆತ್ತ ಮಗನಿಗೂ ಹೇಳಿದವರಲ್ಲ. ಕುದಿಯುವ ಹಂಡೆಗೆ ಕಡ್ಡಿ ಅದ್ದಿ, ಊದಿ ಆರಿಸಿ, ನಾಲಿಗೆಗೆ ಮುಟ್ಟಿಸಿ, "ಇನ್ನೊಂಚೂರು ಹುಳಿ ಬೇಕು" ಅನ್ನುತ್ತಾರೆ. ನಾಲಿಗೆಗೆ, ಅಕ್ಕೋರೇ! ಮೊದಲ ಸಲ ನೋಡಿದಾಗ ನನಗೆ ನಿಮ್ಮ ಚುರುಮುರಿ ನೆನಪಾಯಿತು. ಮಿಶ್ರಣ ಎಂದರೇನು ಎಂದು ತೋರಿಸಲು ಲ್ಯಾಬಿಗೆ ತಟ್ಟೆ ತುಂಬ ಚುರುಮುರಿ ತಂದು, ಶೇಂಗಾ ಬೇರೆ, ಪುಟಾಣಿ ಬೇರೆ ಆರಿಸಿರಿ ಅಂದಿದ್ದಿರಿ. ನಾನು ಒಂದು ಶೇಂಗಾ ಬಾಯಿಗೆ ಹಾಕಿದ್ದಕ್ಕೆ ಇಡೀ ತಟ್ಟೆ ಕಸದ ಬುಟ್ಟಿ ಸೇರಿತು. ಲ್ಯಾಬಿನಲ್ಲಿ ಬಾಯಿಗೆ ಏನೂ ಹೋಗಬಾರದು! ಆ ಶೇಂಗಾದ ಸಿಟ್ಟು ನನಗೆ ನಿಮ್ಮ ಮೇಲೆ ಇನ್ನೂ ಇದೆ.

ಅತ್ತೆಯವರ ತವರು ಮರೋಳ. ಹುನಗುಂದದಲ್ಲಿ ಬಸ್ಸು ಬದಲಿಸಿದರೆ ಆಯಿತು, ದೂರವೇನಿಲ್ಲ. ಆದರೂ ನಾನು ಸೊಸೆಯಾಗಿ ಬಂದ ಈ ಮೂರು ವರ್ಷದಲ್ಲಿ ಅವರು ಹೋದದ್ದನ್ನು ನಾನು ಕಂಡಿಲ್ಲ. ಆಕೆಗೆ ತವರಿನ ಮಮತೆ ಕಡಿಮೆ ಎಂದು ಮನೆಯಲ್ಲಿ ಮಾತಿತ್ತು. ಇರಬಹುದು ಎಂದು ನಾನೂ ನಂಬಿದ್ದೆ.

ಮದುವೆಯಾಗಿ ಬಂದ ಹೊಸತರಲ್ಲಿ ಬಣ್ಣದ ಮನೆಯ ಒಂದೊಂದೇ ಡಬ್ಬಿ ತೆರೆದು ನೋಡಿದೆ. ಎಣ್ಣೆ ಡಬ್ಬಿಯಲ್ಲಿ ಕಾಸ್ಟಿಕ್ ಸೋಡಾ, ತಂಪು ಪಾನೀಯದ ಬಾಟಲಿಯಲ್ಲಿ ಆ್ಯಸಿಡ್, ನೀರು ಸೋಕಿದರೆ ತಾನೇ ಕಾದು ಹೊಗೆಯೇಳುವ ಹೈಡ್ರೋಸ್ ಪುಡಿ ಒದ್ದೆ ಗೋಡೆಗೆ ಒರಗಿಕೊಂಡು ಕೂತಿತ್ತು. ಒಂದಕ್ಕೂ ಹೆಸರಿಲ್ಲ. ಚೀಟಿ ಇಲ್ಲದ ಬಾಟಲಿ ಮುಟ್ಟಬೇಡಿ ಎಂಬ ನಿಮ್ಮ ಮೊದಲನೇ ನಿಯಮ ಪಾಲಿಸಿದ್ದರೆ ಆ ಮನೆಯಲ್ಲಿ ಅಡುಗೆಯ ಒಳ್ಳೆಣ್ಣೆಯನ್ನೂ ಮುಟ್ಟುವಂತಿರಲಿಲ್ಲ. ಸೆರಗು ಬಿಗಿದು ನಿಂತೆ. ಎಲ್ಲವನ್ನೂ ಅಂಗಳಕ್ಕೆ ತಂದು ಆಮ್ಲ ಇತ್ತ, ಪ್ರತ್ಯಾಮ್ಲ ಅತ್ತ, ಉಪ್ಪು ಬೇರೆ, ಬಣ್ಣ ಬೇರೆ ಎಂದು ವಿಂಗಡಿಸಿದೆ. ಹಳೆಯ ಡಬ್ಬಿಗಳನ್ನು ಗುಜರಿಗೆ ಹಾಕಿಸಿ, ಮುಚ್ಚಳವಿರುವ ಒಂದೇ ನಮೂನೆಯ ಬಿಳಿ ಬಕೆಟ್ಟು ತರಿಸಿದೆ. ಎಲ್ಲಕ್ಕೂ ಚೀಟಿ ಅಂಟಿಸಿದೆ. ಚೀಟಿ ಸಣ್ಣವಿದ್ದವು, ಹೆಸರು ಹಿಡಿಸುತ್ತಿರಲಿಲ್ಲ, ಅದಕ್ಕೆ ಬರೀ ರಾಸಾಯನಿಕ ಸೂತ್ರ ಬರೆದೆ. ಬಟ್ಟೆಸೋಡಾಕ್ಕೆ Na₂CO₃, ಕಾಸ್ಟಿಕ್ಕಿಗೆ NaOH.

ನಮ್ಮನೆಯವರು, ಮಹಾಂತೇಶ, ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಹಿಗ್ಗಿಬಿಟ್ಟರು. ಬಂದ ಮಗ್ಗದವರನ್ನೆಲ್ಲ ಕರೆದು ಬಕೆಟ್ಟು ತೋರಿಸಿ, "ನಮ್ಮಾಕಿ ಬಿಎಸ್ಸಿ ಆಗ್ಯಾಳ್ರಿ. ಆಕಿ ಬರದದ್ದನ್ನ ಆಕಿನಽ ಓದಬೇಕು" ಎಂದು ಹೇಳಿದ್ದೇ ಹೇಳಿದ್ದು.

ಹಾಗೇ ಆಯಿತು. ನಾನೇ ಓದಬೇಕು. ಜಳಕದ ಮನೆಯಲ್ಲಿದ್ದರೂ "ಜಯಾ, ಇದು ಯಾವ್ದು?" ರೊಟ್ಟಿ ಬಡಿಯುತ್ತಿದ್ದರೂ "ಜಯಾ, ಇದರಾಗ ಸೋಡಾ ಯಾವ್ದು?" ಮೊದಲ ವರ್ಷ ಆ ಕೂಗಿಗೆ ನಾನು ಅರ್ಧ ಗೇಣು ಎತ್ತರವಾಗುತ್ತಿದ್ದೆ. ಎರಡನೇ ವರ್ಷ ಪಂಚಮಿಗೆ ತವರಿಗೆ ಹೊರಟು ಚೀಲ ಹಿಡಿದು ನಿಂತಾಗ, "ನೀ ಹ್ವಾದ್ರ ಇದನ್ನ ಯಾರ ಓದಬೇಕು?" ಅಂದರು ಇವರು. ಚೀಲ ಕೆಳಗಿಟ್ಟೆ. ಹುನಗುಂದ ಎಷ್ಟು ದೂರ ಅಕ್ಕೋರೇ? ಅಷ್ಟು ಹತ್ತಿರದ ತವರಿಗೆ ನಾನು ಆ ವರ್ಷ ಹೋಗಲಿಲ್ಲ.

ಹೋದ ತಿಂಗಳು ಬಾದಾಮಿಯಲ್ಲಿ ಅಕ್ಕನ ಮಗಳ ಹೆಸರಿಡುವ ಕಾರ್ಯ. ಹಟ ಹಿಡಿದು ಎರಡು ದಿನಕ್ಕೆ ಹೋದೆ. ಎರಡನೇ ದಿನ ತೊಟ್ಟಿಲು ತೂಗುತ್ತಿರುವಾಗ ಇವರ ಫೋನು. ರೇಷ್ಮೆಯ ಅಂಟು ತೆಗೆಯಲು ಅವ್ವ ಕುದಿಯುವ ನೀರಿಗೆ ಸೋಡಾ ಹಾಕಿದಳು, ಒಮ್ಮೆಲೆ ಸಿಡಿದು ಮೈಮೇಲೆ ಬಿತ್ತು ಅಂದರು. ಸೋಡಾ ಹಾಗೆ ಸಿಡಿಯುವುದಿಲ್ಲ. ಬಕೆಟ್ಟಿನ ಮೇಲೆ ಏನಿದೆ ಓದ್ರಿ ಎಂದು ಕೂಗಿದೆ. ಇವರು ಒಂದೊಂದೇ ಅಕ್ಷರ ಹೇಳಿದರು: "ಎನ್... ಸಣ್ಣ ಎ... ಓ..." ಅಷ್ಟಕ್ಕೇ ಗೊತ್ತಾಯಿತು, ಅದು ಕಾಸ್ಟಿಕ್. ಪಕ್ಕದವರು ದೇವರ ಭಂಡಾರದ ಅರಿಸಿನ ಹಚ್ಚಲು ಕೈಯಲ್ಲಿ ಹಿಡಿದು ನಿಂತಿದ್ದರಂತೆ. ಏನೂ ಹಚ್ಚಬೇಡಿ, ನೀರು ಹಾಕ್ರಿ, ಹಾಕುತ್ತಲೇ ಇರ್ರಿ, ಆಮೇಲೆ ದವಾಖಾನಿಗೆ ಒಯ್ಯಿರಿ ಎಂದು ಅಷ್ಟು ಮಂದಿಯ ನಡುವೆ ಕಿರುಚಿದೆ. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಅತ್ತಿತು. ಹಂಡೆಯಲ್ಲಿದ್ದ ರೇಷ್ಮೆಯಷ್ಟೂ ಕರಗಿ ಗಂಜಿಯಂತಾಗಿತ್ತಂತೆ.

ಅತ್ತೆಗೆ ಓದಲು ಬರುವುದಿಲ್ಲ. ಸೋಡಾದ ಚೀಟಿಯ ಮೊದಲೆರಡು ಗುರುತಿನ ಆಕಾರವನ್ನು ಕಣ್ಣಲ್ಲಿ ಇಟ್ಟುಕೊಂಡಿದ್ದರು. ಎರಡೂ ಚೀಟಿ ಅದೇ ಎರಡು ಗುರುತಿನಿಂದ ಶುರುವಾಗುತ್ತವೆ. ಆ ಸಲದ ಕಾಸ್ಟಿಕ್ ಎಂದಿನ ಹಳಕು ಚೂರುಗಳದ್ದಲ್ಲ, ಸೋಡಾದ ಹಾಗೇ ಕಾಣುವ ಪುಡಿಯಂಥದ್ದು ಬಂದಿತ್ತು. ನನ್ನ ಚೀಟಿ ಬರುವ ಮೊದಲು ಅವರು ಎಂದೂ ತಪ್ಪಿದವರಲ್ಲ. ನೆಗ್ಗಿದ ಡಬ್ಬಿಯಲ್ಲಿ ಕಾಸ್ಟಿಕ್, ಕೊರಳಿಗೆ ಕೆಂಪು ಚಿಂದಿ ಕಟ್ಟಿದ್ದು ಆ್ಯಸಿಡ್, ಒಲೆಯ ಎಡಕ್ಕೆ ಸೋಡಾ. ಅವರದ್ದೂ ಒಂದು ವಿಂಗಡಣೆಯೇ ಇತ್ತು, ಅಕ್ಕೋರೇ. ಅದನ್ನು ನಾನು ಗುಜರಿಗೆ ಹಾಕಿಸಿದ್ದೆ.

ದವಾಖಾನೆಯಿಂದ ಬಂದ ದಿನ ಇವರು ನನ್ನೆದುರು ನಿಂತು, "ಜಯಾ, ಕೈ ಮುಗೀತೇನಿ, ಇನ್ನ ನೀ ಎಲ್ಲೂ ಹೋಗಬ್ಯಾಡ" ಅಂದರು. ಬೈದಿದ್ದರೆ ಜಗಳವಾಡಿ ಹೊರಬೀಳುತ್ತಿದ್ದೆ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಕೈ ಮುಗಿದವರ ಜೊತೆ ಹೇಗೆ ಜಗಳವಾಡಲಿ?

ಈಗ ಈ ಹಾಳೆ. ಇದನ್ನು ಬರೆಯಲು ಪೆನ್ನು ಏಳುತ್ತಿಲ್ಲ. ಮೇಲೆ ಚೀಟಿ ಸಣ್ಣವಿದ್ದವು ಎಂದು ಬರೆದೆನಲ್ಲ, ಅದು ಸುಳ್ಳು. ಅಂಗೈಯಗಲದ ಚೀಟಿ. ಬೇಕಾದರೆ ವಿಳಾಸ ಸಮೇತ ಬರೆಯಬಹುದಿತ್ತು. ಆ ದಿನಗಳಲ್ಲಿ ನನ್ನ ಡಿಗ್ರಿಗೆ ಈ ಮನೆಯಲ್ಲಿ ಕಿಮ್ಮತ್ತಿರಲಿಲ್ಲ. ರೊಟ್ಟಿ ದಪ್ಪ ಬಡಿಯುವ ಸೊಸೆ ಎಂಬುದೊಂದೇ ನನ್ನ ಗುರುತಾಗಿತ್ತು. ನನ್ನನ್ನು ಕೇಳದೆ ಯಾರೂ ಒಂದು ಚಿಟಿಕೆ ಮುಟ್ಟಬಾರದು ಎಂದು ಬೇಕಂತಲೇ ಸೂತ್ರ ಬರೆದೆ. ಗೊತ್ತಿಲ್ಲದೆ ಮಾಡಿದ್ದಲ್ಲ. ನಮ್ಮ ಲ್ಯಾಬು ಗುಡಿಸುತ್ತಿದ್ದ ಲಾಡಬಿ ನೆನಪಿದ್ದಾಳಲ್ಲ? ಆಕೆಗೆ ತಿಳಿಯಲೆಂದು ಆ್ಯಸಿಡ್ ಬಾಟಲಿಯ ಮೇಲೆ ತಲೆಬುರುಡೆಯ ಚಿತ್ರ ಬರೆಸಿದ್ದಿರಿ. ಚೀಟಿ ಬರೆಯುವುದು ನಮಗಾಗಿ ಅಲ್ಲ, ಓದಲು ಬಾರದ ಲಾಡಬಿಗಾಗಿ ಅಂದಿದ್ದಿರಿ. ಆ ಬುರುಡೆ ಬರೆದವಳು ನಾನೇ. ಸೂತ್ರದ ಬೀಗ ಹಾಕಿದವಳೂ ನಾನೇ, ಆದರೆ ಒಳಗೆ ನಿಂತು ಹಾಕಿಕೊಂಡೆ. ಈಗ ಕನ್ನಡದಲ್ಲಿ ಬರೆದರೆ ಮುಗಿಯಿತಲ್ಲ ಎನ್ನುತ್ತೀರಿ. ಬರೆದ ದಿನವೇ, ಮೊದಲೇ ಯಾಕೆ ಬರೆಯಲಿಲ್ಲ ಎಂದು ಇವರು ಕೇಳುತ್ತಾರೆ. ಏನು ಹೇಳಲಿ? ನೋಡಲು ಬಂದವರಿಗೆಲ್ಲ ಅತ್ತೆ, "ತಪ್ಪ ನಂದಽರಿ, ಓದಾಕ ಬರದ ಮುದುಕಿ" ಅನ್ನುತ್ತಾರೆ. ನಾನು ಅದನ್ನು ಕೇಳಿಕೊಂಡೇ ಒಬ್ಬೊಬ್ಬರಿಗೂ ಚಹಾ ಕೊಡುತ್ತ ಹೋಗುತ್ತೇನೆ.

ಆದ್ದರಿಂದ ಸೀಟು ಬೇರೆ ಹುಡುಗಿಗೆ ಹೋಗಲಿ. ಕೆಂಪು ಗೆರೆ ಎಳೆದು ಕರೆದಿರಲ್ಲ, ಅಷ್ಟು ಸಾಕು. ಹೊರಗೆ ಲಡಿ ಒಣಗಿವೆ, ಏಳುತ್ತೇನೆ.

ನಿಮ್ಮ ಮಾತು ಮೀರಿದ ಶಿಷ್ಯೆ,
ಜಯಶ್ರೀ

ತಾ.ಕ.: ನವೆಂಬರ್ 12, ಮುಂಜಾನೆ. ನಿನ್ನೆ ಲಕೋಟೆಗೆ ಅಂಟು ಹಚ್ಚುವಾಗ ಅತ್ತೆ ಬಂದು ಎದುರಿಗೆ ಕೂತು, ಇಷ್ಟು ಹೊತ್ತು ಏನು ಬರೆದೆ, ಓದು ಅಂದರು. ಓದಿದೆ. ಆ ಒಂದು ಹಾಳೆ ಬಿಟ್ಟು ಓದಿದೆ. ಕೇಳಿ ಮುಗಿದ ಮೇಲೆ, "ಐದ ಹಾಳಿ ಬರದಿ, ನಾಕ ಓದಿದಿ. ನನಗ ಓದಾಕ ಬರೂದಿಲ್ಲ, ಎಣಸಾಕ ಬರ್ತದ" ಅಂದರು. ಅಯ್ಯೋ ಶಿವನೇ! ಆ ಹಾಳೆಯನ್ನೂ ಓದಿದೆ. ತಲೆ ಎತ್ತಲಿಲ್ಲ.

ಅವರು ಪಟ್ಟಿಯ ದಾರ ಜಗ್ಗಿ ಬಿಗಿ ಮಾಡಿಕೊಂಡರು. ಆಮೇಲೆ ಅಂದದ್ದನ್ನು ಹಾಗೇ ಬರೆಯುತ್ತೇನೆ: "ನೀ ಚೀಟಿ ಬರದಿ, ನಾ ಬಾಯಿ ಮುಚ್ಚಿದೆ. ಕೆಂಪಿನ ಅಳತಿ ಹೇಳಿಬಿಟ್ರ ಈ ಮನ್ಯಾಗ ನನ್ನ ಯಾರ ಕೇಳ್ತಾರ ಅಂತ ಯಾರಿಗೂ ಹೇಳಲಿಲ್ಲ. ಮರೋಳದಾಗ ನಮ್ಮವ್ವ ಸತ್ತ ದಿನ ಹಂಡೆ ಒಲಿ ಮ್ಯಾಲಿತ್ತು. ನೀ ಎದ್ದ ಹ್ವಾದ್ರ ಬಣ್ಣ ಕೆಡ್ತದ ಅಂದ್ರು ಮನ್ಯಾಗ. ಹೌದಲ್ಲ ಅಂತ ಕುಂತೆ. ಅವ್ವನ ಮಣ್ಣಿಗೂ ಹೋಗಲಿಲ್ಲ."

ಅವರು ಅಳಲಿಲ್ಲ, ಅತ್ತದ್ದು ನಾನು. ಈ ಪತ್ರ ಹರಿದು ಬೇರೆ ಬರೆಯುತ್ತೇನೆ ಎಂದರೆ, ಅಕ್ಕೋರಿಗೂ ಗೊತ್ತಾಗಲಿ, ಹಾಗೇ ಕಳಿಸು ಅಂದರು. ಕೆಂಪಿನ ಅಳತೆಯನ್ನು ಮುಷ್ಟಿ ಲೆಕ್ಕದಲ್ಲಿ ಹೇಳಿ, ಕನ್ನಡದಲ್ಲಿ ಬರೆಸಿ, ಗೋಡೆಗೆ ಅಂಟಿಸಿದ್ದಾರೆ. ಇವರಿಗೂ ಎಲ್ಲ ಹೇಳಿದೆ. ಅದಾದಮೇಲೆ ನನ್ನೊಡನೆ ಮಾತಿಲ್ಲ. ಆದರೆ ಇವತ್ತು ಹೊಸ ಚೀಟಿ ಬರೆಯಲು ಕೂತಾಗ ಪಕ್ಕದಲ್ಲಿ ಕೂತು ಒಂದೊಂದಕ್ಕೂ ಅಂಟು ಹಚ್ಚಿಕೊಟ್ಟರು. ಕಾಸ್ಟಿಕ್ಕಿನ ಮೇಲೆ ಬುರುಡೆ ಬರೆದಿದ್ದೇನೆ. ಅತ್ತೆ ಅದನ್ನು ನೋಡಿ, ಇದು ನಮ್ಮ ಮಾವನವರ, ಅಂದರೆ ತಮ್ಮ ಗಂಡನ, ಮುಖದ ಹಾಗೇ ಇದೆ ಅಂದರು.

ಹದಿನೆಂಟಕ್ಕೆ ಬರುತ್ತೇನೆ, ಅಕ್ಕೋರೇ. ಅತ್ತೆಯವರೂ ಅದೇ ಬಸ್ಸಿಗೆ. ಹುನಗುಂದದಲ್ಲಿ ಇಳಿದು ಅವರು ಮರೋಳಕ್ಕೆ ಹೋಗುತ್ತಾರೆ, ನಾನು ಮುಂದೆ ಬಾಗಲಕೋಟೆಗೆ. ಅವತ್ತು ಬಣ್ಣದ ಹಂಡೆಯ ಒಲೆ ಹೊತ್ತಿಸಬೇಡ ಎಂದು ಮಗನಿಗೆ ಹೇಳಿದ್ದಾರೆ.