ಮೊದಲು ಬಂದ ನೊಣಗಳು

ಜನವರಿ 8, ಬೆಳಿಗ್ಗೆ

ಮತ್ತೆ ಬಾಟಲಿ ಬದಲಿಸಿದ್ದಾಯಿತು. ಹೊಸದನ್ನು ಹಳೆಯದರ ಮೇಲೆ ಬೋರಲು ಹಾಕು, ನೊಣಗಳು ತಾವಾಗಿ ಮೇಲೇರುತ್ತವೆ, ಇನ್ನೂರಾದರೆ ಸಾಕು, ಬಾಯಿಗೆ ಹತ್ತಿ ತುರುಕು. ಉಳಿದವು ಸಾಯಲು ಫ್ರೀಜರ್‌ಗೆ. ಕೈಯೆಲ್ಲ ನೊಣಗಳ ಊಟದ ಯೀಸ್ಟ್ ವಾಸನೆ. ಸೋಪಿಗೂ ಜಗ್ಗುವುದಿಲ್ಲ.

ಒಂದು ಗುಂಪಿಗೆ ಪ್ರತಿ ತಲೆಮಾರಿನಲ್ಲೂ ಉಪವಾಸ. ಬದುಕಿದವಕ್ಕೆ ಮಾತ್ರ ಸಂತಾನ. ಇನ್ನೊಂದಕ್ಕೆ ಹೊಟ್ಟೆ ತುಂಬ ಊಟ. ವರ್ಷವಾಯಿತು. ಉಪವಾಸದ ಗುಂಪು ಹಸಿವನ್ನು ಹೆಚ್ಚು ತಾಳಬೇಕಿತ್ತು. ಎಲ್ಲಿ? ಎರಡೂ ಒಂದೇ ಸಮನೆ ಸಾಯುತ್ತಿವೆ. ಅದೂ ಶುರುವಿನ ನೊಣಗಳಿಗಿಂತ ಬೇಗ!

ಫಿಸಿಕ್ಸ್ ಬಿಟ್ಟು ಈ ಬಯಾಲಜಿ ಲ್ಯಾಬಿಗೆ ಹಾರಿದ್ದಕ್ಕೆ ಒಂದು ವರ್ಷದ ಗಡುವು. ತಿಂಗಳ ಕೊನೆಗೆ ಪಿಎಚ್‌ಡಿ ಕಮಿಟಿ. ತೋರಿಸಲು ಏನೂ ಇಲ್ಲದಿದ್ದರೆ ಬಂದ ದಾರಿ ಹಿಡಿಯಬೇಕು. ನನಗೆ ಹೋಗಲು ಇಷ್ಟವಿಲ್ಲ. ಇರಲೂ ತಲೆ ಕೆಡುತ್ತಿದೆ.

ಜನವರಿ 11

ಬಾಟಲಿಗಳನ್ನಿಡುವ ಇನ್‌ಕ್ಯುಬೇಟರ್ ಬಿಚ್ಚಿ ಥರ್ಮಾಮೀಟರ್‌ಗಳನ್ನೆಲ್ಲ ತಾಳೆ ನೋಡಿದೆ. ಅರ್ಧ ಡಿಗ್ರಿ ಕೂಡ ಆಚೀಚೆ ಇಲ್ಲ. ನಾನು ಲೆಕ್ಕ ಹಾಕಿದ ಸಮೀಕರಣ ಸರಿ. ಯಂತ್ರ ಸರಿ. ಈ ದರಿದ್ರ ನೊಣಗಳೇ ಸರಿಯಿಲ್ಲ.

ಅಪ್ಪನ ಫೋನ್. "ಕೆಲಸ ಇಲ್ಲದವ್ರು ನೊಣ ಹೊಡೀತಾರೆ. ನೀನು ಸಾಕ್ತಿದ್ದೀಯಲ್ಲೇ."

"ಅಪ್ಪಾ, ಇವತ್ತು ಬೇಡ."

"ಸರಿ ಬಿಡು. ಊಟ ಆಯ್ತಾ? ನಿಂದು ಕೇಳ್ತಿದ್ದೀನಿ, ನೊಣದ್ದಲ್ಲ."

ನಗು ಬಂತು. ಸಿಟ್ಟಿನಲ್ಲಿದ್ದುದರಿಂದ ತೋರಿಸಲಿಲ್ಲ.

ಜನವರಿ 19, ಮಧ್ಯಾಹ್ನ

ಲ್ಯಾಬಿನ ಸೀನಿಯರ್ — ಎಲ್ಲರಿಗೂ ದೊಡ್ಡಕ್ಕ — ನಾನು ಬಾಟಲಿ ಬದಲಿಸುವುದನ್ನು ಸುಮ್ಮನೆ ನೋಡುತ್ತಾ ನಿಂತಿದ್ದರು.

"ಯಾವಾಗ್ಲೂ ಹೀಗೇನಾ? ಮೊದಲು ಮೇಲೆ ಬಂದವನ್ನೇ ತಗೊಳ್ಳೋದು?"

"ಹೌದಕ್ಕ. ಯಾವ ಇನ್ನೂರಾದ್ರೇನು? ಎಲ್ಲಾ ಒಂದೇ ಅಲ್ವಾ."

"ಎಲೆಕ್ಟ್ರಾನ್ ಅಂದ್ಕೊಂಡ್ಯೇನೇ?"

ಅವರು ತಾವು ಬೇರೆಯಾಗಿ, ಯಾವುದನ್ನೂ ಆರಿಸದೆ ಸಾಕುತ್ತಿದ್ದ ಶುರುವಿನ ತಳಿಯ ಬಾಟಲಿ ತಂದು ನನ್ನದರ ಪಕ್ಕ ಇಟ್ಟರು. ಎರಡರ ಮೇಲೂ ಖಾಲಿ ಬಾಟಲಿ. ಅವರವು ಒಂದೊಂದಾಗಿ, ನಿಧಾನಕ್ಕೆ ಹತ್ತಿದವು. ನನ್ನವು ಬಾಗಿಲು ತೆಗೆದ ಬಸ್ಸಿಗೆ ಜನ ನುಗ್ಗುವ ಹಾಗೆ ನುಗ್ಗಿದವು. ಆಮೇಲೆ ಇನ್ನೊಂದು ಗುಂಪಿನದನ್ನಿಟ್ಟರೂ ಅದೇ ನುಗ್ಗಾಟ.

ಅಂದರೆ ವರ್ಷವಿಡೀ ನಾನು ಆರಿಸಿದ್ದು ಹಸಿವು ತಾಳುವವನ್ನಲ್ಲ, ಅವಸರದವನ್ನು. ಒಂದು ಕ್ಷಣ ಕೂರದೆ ಓಡಾಡುವ ನೊಣ ಹಸಿದಾಗ ಬೇಗ ಸಾಯದೆ ಇನ್ನೇನು ಮಾಡೀತು? ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದರೂ ಇನ್ನೊಂದು ಸಲ ಬಾಟಲಿ ಇಟ್ಟು ನೋಡಿದೆ. ಮತ್ತೊಂದು ಸಲ.

ಜನವರಿ 30

ಕಮಿಟಿ ಮುಗಿಯಿತು. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿಗೋ ದುಃಖಕ್ಕೋ ತಿಳಿಯದು.

ಗೈಡ್ ಹೊರಗೆ ಬಂದು ಹೇಳಿದರು: "ಎರಡು ದಾರಿ ಇದೆ. ಹಳೇದೆಲ್ಲಾ ತೆಗೆದುಹಾಕಿ ಮೊದಲಿಂದ ಶುರು ಮಾಡು. ಇಲ್ಲಾ ಫಿಸಿಕ್ಸ್‌ಗೆ ವಾಪಸ್ ಹೋಗು, ಅಲ್ಲಿ ಸೀಟ್ ಇನ್ನೂ ಇದೆಯಂತೆ. ಸೋಮವಾರ ಹೇಳು."

"ನೀವೇನಂತೀರಾ ಸರ್?"

"ನಾನೇನಂದ್ರೂ ಆಮೇಲೆ ನನ್ನನ್ನೇ ಬೈತೀಯ."

ಅದೂ ನಿಜ.

ಫೆಬ್ರವರಿ 1, ಸಂಜೆ

ನಿರ್ಧಾರ ಮಾಡಿದೆ. ವಾಪಸ್ ಹೋಗುವುದೇ. ಲೇಸರ್‌ಗೆ ಹೊಟ್ಟೆ ಹಸಿಯುವುದಿಲ್ಲ, ಭಾನುವಾರ ಬಾ ಅನ್ನುವುದಿಲ್ಲ. ಅಪ್ಪನಿಗೂ ಹೇಳಿದೆ. "ಸರಿಯಾಗಿ ಯೋಚನೆ ಮಾಡಿದ್ದೀಯಾ?" ಅಂತ ಮಾತ್ರ ಕೇಳಿದರು. ಅದಕ್ಕೂ ರೇಗಿದೆ.

ಲ್ಯಾಬಿಗೆ ಹೋಗಿ ಮೇಜು ಖಾಲಿ ಮಾಡಿದೆ. ಬಾಟಲಿಗಳನ್ನು ಟ್ರೇಗೆ ಜೋಡಿಸಿ ಒಂದೊಂದಾಗಿ ಫ್ರೀಜರ್‌ಗಿಟ್ಟೆ. ಕೊನೆಯದರ ಹತ್ತಿಗೆ ನೊಣಗಳು ಆಗಲೇ ಮುತ್ತಿಕೊಂಡಿದ್ದವು, ಯಾವಾಗ ತೆಗೆಯುತ್ತೀಯ ಅಂತ. ನನಗೆ ಗೊತ್ತಿಲ್ಲದೆ ನಾನೇ ಹೀಗೆ ಮಾಡಿದ್ದು. ಹಿಂದೆ ಇವು ಹೀಗಿರಲಿಲ್ಲ. ಎಷ್ಟು ಹೊಟ್ಟೆ ಉರಿಯಿತೋ ಅಷ್ಟೇ ಮುದ್ದೂ ಬಂತು.

ಅದೊಂದನ್ನು ಫ್ರೀಜರ್‌ಗಿಡಲಿಲ್ಲ. ಹೊಸ ಊಟ ಹಾಕಿದೆ. ದೊಡ್ಡಕ್ಕ ಕೇಳಿದರೆ ಏನು ಹೇಳುವುದು? ಹೇಳುವುದೇನು, ಒಂದು ಬಾಟಲಿ ತಾನೇ, ಸೋಮವಾರ ಗೈಡ್ ಹತ್ತಿರ ಮಾತಾಡುವುದು ಮುಗಿದ ಮೇಲೆ ಬಂದು ಬದಲಿಸಿದರಾಯಿತು, ಆಮೇಲೆ ಮುಂದಿನ ವಾರ —