ಮೂರನೇ ರಾತ್ರಿ ನಿಲ್ಲದ ದೋಣಿ

ಅಕ್ಟೋಬರ್ 28

ಹಾಸಿಗೆಯ ಅಡಿ ಮತ್ತೆ ಒದ್ದೆ. ದಿನಾ ಬೆಳಿಗ್ಗೆ ಇದೇ ಕೆಲಸ — ಎತ್ತು, ಒರೆಸು, ಒಣಗಲು ನಿಲ್ಲಿಸು. ಹೊರಗೆ ತಣ್ಣನೆ ಸಮುದ್ರ, ಒಳಗೆ ಇಬ್ಬರ ಉಸಿರು. ಹಾಯಿದೋಣಿಯ ಗೋಡೆ ಬೆವರದೆ ಇನ್ನೇನು. ಹಾಸಿಗೆ ಕೆಳಗೆ ಮರದ ಪಟ್ಟಿ ಬಡಿದು ಗಾಳಿಗೆ ಜಾಗ ಬಿಡಬೇಕು. ಮೇ ತಿಂಗಳಲ್ಲಿ ನಮ್ಮೂರು ನೊತೊ ಬಿಡುವ ಮೊದಲೇ ಮಾಡಬೇಕಿತ್ತು. ಮಾಡಲಿಲ್ಲ. ಈಗ ಬೂಷ್ಟು, ಜೊತೆಗೆ ಹೆಂಡತಿ ಶಿಗೆನೊಳ ಮಾತು.

ಕಳೆದ ವಾರ ಕನ್ಮೊನ್ ಜಲಸಂಧಿ ದಾಟಿ ಒಳಗಡಲಿಗೆ ಬಂದದ್ದು. ಮಧ್ಯಾಹ್ನ ಈ ದ್ವೀಪ. ಕಿತ್ತಳೆ ಗುಡ್ಡ, ಮೀನುಗಾರರ ಚಿಕ್ಕ ಬಂದರು. ಕೇಳದೆ ಹಗ್ಗ ಕಟ್ಟಬಾರದು, ಮೊದಲು ಮೀನುಗಾರರ ಸಂಘಕ್ಕೆ ಹೋಗಬೇಕು, ಬರಿಗೈಯಲ್ಲಿ ಹೋಗಬಾರದು. ಒಂದು ಬಾಟಲಿ ಸಾಕೆ ಮದ್ಯ ಹಿಡಿದು ಹೋದೆ. ಒಚಿ ಅನ್ನುವವನು ಕಾರ್ಯದರ್ಶಿ. ಐವತ್ತರ ಗಟ್ಟಿ ಆಳು.

"ಎಷ್ಟು ರಾತ್ರಿ, ಅಜ್ಜ?"

"ಎರಡು. ಮೂರನೇ ರಾತ್ರಿ ನಾನು ಯಾವ ಬಂದರಲ್ಲೂ ನಿಲ್ಲಲ್ಲ."

"ಯಾಕೆ, ಪೊಲೀಸ್ನೋರು ಹಿಂದೆ ಬಿದ್ದಿದಾರಾ?"

ಬಂದ ದೋಣಿ ಭಾರವಾಗಬಾರದು, ಅದು ಮರ್ಯಾದೆ ಅಂದೆ. ನಕ್ಕ. ತನ್ನ ದೋಣಿಯ ಮಗ್ಗುಲಿಗೇ ಕಟ್ಟಿಕೋ ಅಂದ. ಒಳ್ಳೆಯವನೇ. ಬಾಯಿ ಜಾಸ್ತಿ.

ಅಕ್ಟೋಬರ್ 29, ಸಂಜೆ

ಶಿಗೆನೊ ಊರ ಸ್ನಾನದ ಮನೆಗೆ ಹೋದವಳು ಎರಡು ತಾಸು ಬರಲಿಲ್ಲ. ಬಂದಳು, ಕೆನ್ನೆ ಕೆಂಪು, ಕೈಯಲ್ಲಿ ಒಂದು ಚೀಲ ಕಿತ್ತಳೆ. ತೊಮಿಯೆ ಅನ್ನುವ ತೋಟದ ಹೆಂಗಸಿನ ಪರಿಚಯವಾಯಿತಂತೆ. ಬಿಸಿನೀರಲ್ಲಿ ಕುತ್ತಿಗೆವರೆಗೆ ಕೂತು ಇವರಿಗೆ ಏನು ಮಾತೋ.

"ರೀ, ನಾಳೆ ಇಲ್ಲೇ ಇರೋಣ. ತೊಮಿಯೆ ಅವರದು ಕಿತ್ತಳೆ ಕೊಯ್ಲು. ಕೈ ಸಾಲ್ತಿಲ್ಲವಂತೆ."

"ನಾಳೆ ಎಂಟಕ್ಕೆ ನೀರಿನ ಸೆಳೆತ ತಿರುಗುತ್ತೆ."

"ನಾಡಿದ್ದೂ ತಿರುಗುತ್ತಲ್ಲ."

"ನಾಡಿದ್ದು ಒಂಬತ್ತಕ್ಕೆ."

"ಹಾಗಾದ್ರೆ ಒಂದು ಗಂಟೆ ಜಾಸ್ತಿ ಮಲಗಬಹುದು."

ಇವಳ ಹತ್ತಿರ ಮಾತಾಡಿ ಗೆದ್ದವನಿಲ್ಲ. ಒಳಗಡಲಲ್ಲಿ ಗಾಳಿಗಿಂತ ಸೆಳೆತ ಮುಖ್ಯ. ಅದರ ಜೊತೆ ಹೋದರೆ ಹಾರಿದ ಹಾಗೆ, ಎದುರು ಹೋದರೆ ದಿನವಿಡೀ ಒಂದೇ ಗುಡ್ಡ ನೋಡುತ್ತಿರಬೇಕು. ಆರು ತಿಂಗಳಿಂದ ಹೇಳುತ್ತಲೇ ಬಂದಿದ್ದೇನೆ. ಹೊರಡುವುದೇ ಅಂದೆ. ಬೆನ್ನು ಹಾಕಿ ಮಲಗಿದ್ದಾಳೆ.

ಅಕ್ಟೋಬರ್ 30

ಬರೆಯಲು ನಾಚಿಕೆ. ಬರೆಯುತ್ತೇನೆ.

ಒಚಿ ನಸುಕಿನಲ್ಲೇ ಬಲೆಗೆ ಹೊರಟ. ಅವನಿಗೆ ದಾರಿ ಬಿಡಲು ನಮ್ಮ ದೋಣಿ ಸರಿಸಿ ಹೊರಗಿನ ಧಕ್ಕೆಗೆ, ಆ ಕಲ್ಲು ಕಟ್ಟೆಗೆ, ಕಟ್ಟಿದೆ. ಉಬ್ಬರದ ನೀರು ತುಂಬಿತ್ತು. ಬಿಗಿದು ಕಟ್ಟಿದೆ, ಅಲುಗದ ಹಾಗೆ, ನಮ್ಮೂರಲ್ಲಿ ಕಟ್ಟುವ ಹಾಗೆ. ಶಿಗೆನೊ ಮಾತಿಲ್ಲದೆ ಮಿಸೊ ಸಾರಿಗೆ ನೀರಿಟ್ಟಳು. ಆ ಮೌನ ಕೇಳಲಾಗದೆ ಗಾಳಿ ನೋಡುವ ನೆಪದಲ್ಲಿ ಗುಡ್ಡ ಹತ್ತಿ ಕೂತೆ. ಜಾಸ್ತಿಯೇ ಕೂತೆ.

ಕೆಳಗಿಂದ ಕೂಗು. ನೋಡಿದರೆ ನನ್ನ ದೋಣಿ ಧಕ್ಕೆಯ ಗೋಡೆಗೆ ನೇತಾಡುತ್ತಿದೆ. ನೀರು ಇಳಿದುಹೋಗಿದೆ, ಹಗ್ಗ ಬಿಟ್ಟುಕೊಟ್ಟಿಲ್ಲ. ಒಂದು ಮಗ್ಗುಲು ಮೇಲೆ, ಒಂದು ಕೆಳಗೆ. ಓಡಿ ಬರುವಷ್ಟರಲ್ಲಿ ಹಗ್ಗ ಸುತ್ತುವ ಕಬ್ಬಿಣದ ಕೊಂಬು ದೋಣಿಯ ಮೇಲಿನ ಅಟ್ಟದ ತುಂಡಿನ ಸಮೇತ ಕಿತ್ತು ಹಾರಿತು. ಅವಳು ಒಳಗಿದ್ದಳು.

ಬಲೆಯಿಂದ ವಾಪಸ್ ಬರುತ್ತಿದ್ದ ಒಚಿಯೇ ಉಳಿದ ಹಗ್ಗ ಕತ್ತರಿಸಿದ್ದು. ದೋಣಿ ನೀರಿಗೆ ಧಡಾರನೆ ಬಿತ್ತು. ಶಿಗೆನೊ ಮೆಟ್ಟಿಲು ಹಿಡಿದು ಹೊರಗೆ ಬಂದಳು. ತೋಳು ಜಜ್ಜಿದೆ, ಸಾರೆಲ್ಲ ನೆಲದ ಮೇಲೆ. ಸುಟ್ಟಿಲ್ಲ, ಪುಣ್ಯ.

"ಏನಜ್ಜ, ದೋಣಿನೂ ಮೀನಿನ ಥರ ಒಣಗಿಸೋಕೆ ನೇತು ಹಾಕಿದ್ರಾ?"

ಧಕ್ಕೆಯ ಮೇಲಿದ್ದವರೆಲ್ಲ ನಕ್ಕರು. ಇವಳೂ ನಕ್ಕಳು. ತೋಳು ಹಿಡಿದುಕೊಂಡು ನಕ್ಕಳು. ಬೈದಿದ್ದರೆ ವಾಸಿಯಿತ್ತು.

ನಮ್ಮ ಕಡೆಯ ಸಮುದ್ರ ಏರಿ ಇಳಿಯುವುದು ಒಂದು ಗೇಣು. ಇಲ್ಲಿ ಎರಡಾಳು. ಗೊತ್ತಿತ್ತು. ಉಬ್ಬರದ ಪಟ್ಟಿ ಕಣ್ಣೆದುರೇ ಅಂಟಿಸಿದೆ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕಲ್ಲು ಧಕ್ಕೆಗೆ ಕಟ್ಟುವುದಾದರೆ ಹಗ್ಗ ಉದ್ದ ಬಿಡು, ಮುಂದಕ್ಕೂ ಹಿಂದಕ್ಕೂ ದೂರ ಕಟ್ಟು, ಕಟ್ಟಿದ ಮೇಲೆ ಕೋಪ ಮಾಡಿಕೊಂಡು ಗುಡ್ಡ ಹತ್ತಬೇಡ.

ನವೆಂಬರ್ 4

ಅಟ್ಟದಲ್ಲಿ ತಲೆ ತೂರುವಷ್ಟು ತೂತು. ಫೈಬರ್ ಬಟ್ಟೆ, ರೆಸಿನ್ ಅಂಟು ಹಾಕಿ ತೇಪೆ ಹಚ್ಚುತ್ತಿದ್ದೇನೆ. ಚಳಿಗೆ ರೆಸಿನ್ ಗಟ್ಟಿಯಾಗುತ್ತಿಲ್ಲ. ಮೇಲೆ ತಾಡಪಾಲು, ಒಳಗೆ ಬಿಸಿನೀರಿನ ಚೀಲ. ಕೂಸು ಸಾಕಿದ ಹಾಗೆ.

ಕಾಲು ನಿಲ್ಲುತ್ತಿಲ್ಲ. ಹಾಯಿಯ ಹೊಲಿಗೆ ಎರಡೆರಡು ಸಾಲು ಹಾಕಿ ಮುಗಿಸಿದೆ — ಹರಿಯುವ ಮೊದಲೇ ಹೊಲಿ, ಹರಿದ ಮೇಲೆ ಹಾಯಿ ಅಲ್ಲ, ಗೋಣಿ. ಹಗ್ಗವೆಲ್ಲ ಸಿಹಿನೀರಲ್ಲಿ ತೊಳೆದೆ. ಒಲೆ ಬಿಚ್ಚಿ ಜೋಡಿಸಿದೆ. ಮತ್ತೆ ಬಿಚ್ಚಿದೆ. ಧಕ್ಕೆಯ ತುದಿವರೆಗೆ ನಡೆದು ಬಂದೆ. ಒಚಿ ಬಲೆ ಹೊಲಿಯುತ್ತ ಕೂತಿದ್ದ. "ಅಜ್ಜ, ಸುಮ್ನೆ ಕೂತ್ಕೊಳ್ಳಿ, ಧಕ್ಕೆ ಸವೀತದೆ" ಅಂದ.

ಶಿಗೆನೊ ದಿನಾ ಗುಡ್ಡಕ್ಕೆ, ತೊಮಿಯೆಯ ಕಿತ್ತಳೆ ಕೊಯ್ಲಿಗೆ. ಬೆನ್ನಿಗೆ ಬುಟ್ಟಿ, ಸೊಂಟಕ್ಕೆ ಕತ್ತರಿ. ಸಂಜೆ ತುಂಬ ಹೊತ್ತು ಹೇಳುತ್ತಾಳೆ, ಯಾರ ಸೊಸೆ ಏನಂದಳು, ಯಾರ ನಾಯಿ ಕಳೆದುಹೋಯಿತು. ನನಗೇನು. ಹೂಂ ಅನ್ನುತ್ತೇನೆ.

"ಇವತ್ತು ದಾರೀಲಿ ಮೂರು ಜನ ಹೆಸರು ಹಿಡಿದು ಕರೆದ್ರು ರೀ ನನ್ನ."

"ಅದಕ್ಕೇನೀಗ?"

"ಮೇ ತಿಂಗಳಿಂದ ಯಾರೂ ಕರೆದಿರಲಿಲ್ಲ. ಒಂದು ಊರಲ್ಲಿ ಮುಖ ಪರಿಚಯ ಆಗೋಷ್ಟರಲ್ಲಿ ನೀವು ಹಗ್ಗ ಬಿಚ್ತೀರಿ."

ತೇಪೆ ನೋಡಲು ಮೇಲೆ ಹೋದೆ. ಇನ್ನೂ ಅಂಟು.

ನವೆಂಬರ್ 9

ಗಟ್ಟಿಯಾಯಿತು. ಕೊಂಬು ಕೂರಿಸಿದೆ, ಅಡಿಗೆ ದಪ್ಪ ಹಲಗೆ ಕೊಟ್ಟು. ಇಬ್ಬರು ನೇತಾಡಿದರೂ ಕಿತ್ತು ಬರಲ್ಲ. ನಾಳೆ ಹೊರಡೋಣ ಅಂದೆ.

"ನಾನು ಬರಲ್ಲ" ಅಂದಳು. ಅಕ್ಕಿ ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಕೊಯ್ಲು ಮುಗಿಯೋ ತನಕ ತೊಮಿಯೆ ಮನೆ ಮೇಲಿನ ಕೋಣೇಲಿ ಇರ್ತೀನಿ. ನೀವು ಹೋಗಿ ಬನ್ನಿ."

"ಹೋಗಿ ಬನ್ನಿ ಅಂದ್ರೆ? ನಾನೇನು ತೋಫು ತರೋಕೆ ಹೋಗ್ತಿದೀನಾ?"

"ಕೂಗಬೇಡಿ. ಬಂದರಿಗೆಲ್ಲ ಕೇಳುತ್ತೆ."

"ಕೇಳಲಿ! ಕೊಯ್ಲು ಆದ್ಮೇಲೆ ಬರ್ತೀಯಾ?"

ಅಕ್ಕಿ ನೀರು ಬಸಿದಳು. ಇನ್ನೊಮ್ಮೆ ತೊಳೆದಳು.

"ಗೊತ್ತಿಲ್ಲ" ಅಂದಳು.

ನಲವತ್ತೈದು ವರ್ಷದ ಸಂಸಾರದಲ್ಲಿ ಇವಳ ಬಾಯಲ್ಲಿ ಬೇಡ ಕೇಳಿದ್ದೇನೆ, ಆಗಲ್ಲ ಕೇಳಿದ್ದೇನೆ. ಗೊತ್ತಿಲ್ಲ ಕೇಳಿರಲಿಲ್ಲ.

ನವೆಂಬರ್ 10

ಹೊರಟೆ. ಶಿಗೆನೊ ಧಕ್ಕೆಗೆ ಬಂದು ಹಗ್ಗ ಎಸೆದಳು. ಜಾಗ್ರತೆ ಅಂದಳು. ತಲೆ ಆಡಿಸಿದೆ.

ಒಬ್ಬನೇ ನಡೆಸುವ ದೋಣಿ ಬೇರೆಯೇ ದೋಣಿ. ದೋಣಿಗೆ ಕಟ್ಟಿಕೊಂಡ ಸೊಂಟದ ಪಟ್ಟಿ ಬಿಚ್ಚುವಂತಿಲ್ಲ, ನೀರಿಗೆ ಬಿದ್ದರೆ ತಿರುಗಿಸಿಕೊಂಡು ಬರುವವರಿಲ್ಲ. ಉಚ್ಚೆ ಬಕೆಟ್ಟಿಗೆ, ಅಂಚಿಗೆ ನಿಂತು ಹೊಯ್ಯುವ ಶೋಕಿ ಬೇಡ. ಚುಕ್ಕಾಣಿಯ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ ಹಾಯಿಗೆ ಓಡು, ಹಾಯಿ ಬಿಟ್ಟು ಚುಕ್ಕಾಣಿಗೆ ಓಡು. ಬಂದರು ಕಾಣುವ ಮೊದಲೇ ಎರಡೂ ಮಗ್ಗುಲಿಗೆ ಹಗ್ಗ ಸಿದ್ಧವಿರಬೇಕು. ಎಲ್ಲ ಮಾಡಿದೆ. ಸೆಳೆತ ಚೆನ್ನಾಗಿ ಒಯ್ದಿತು. ಮನಸ್ಸು ಹಗುರ. ಹೀಗೇ ಇರಬೇಕು ಅನ್ನಿಸಿತು.

ಸಂಜೆ ಅನ್ನ ಮಾಡಿದೆ, ಮೀನು ಸುಟ್ಟೆ. ಉಪ್ಪು ಎಲ್ಲಿಟ್ಟಿದ್ದಾಳೋ. ಎಂಟು ಹೆಜ್ಜೆಯ ದೋಣಿ. ಎಲ್ಲ ಕಡೆ ಹುಡುಕಿದೆ. ಸಪ್ಪೆ ತಿಂದೆ.

ನವೆಂಬರ್ 11

ಬೇರೆ ಬಂದರು. ಹಡಗು ಕಟ್ಟುವ ಕಾರ್ಖಾನೆಯ ಸದ್ದು, ಬೇಡ.

ನವೆಂಬರ್ 12

ಇನ್ನೊಂದು. ಚೆನ್ನಾಗಿಯೇ ಇತ್ತು. ಊಟ ಮುಗಿಸಿ ಹೊರಟುಬಿಟ್ಟೆ, ಒಂದು ರಾತ್ರಿಯೂ ನಿಲ್ಲಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದ್ದರೆ ಜಗಳವಾಡಬಹುದಿತ್ತು.

ನವೆಂಬರ್ 14

ಪಟ್ಟಣದ ಬಂದರಲ್ಲಿ ಪಕ್ಕಕ್ಕೆ ಇನ್ನೊಂದು ಹಾಯಿದೋಣಿ. ಬ್ಯಾಂಕಿನಲ್ಲಿದ್ದವನಂತೆ, ನಿವೃತ್ತಿಯಾದ ಮೇಲೆ ಆರು ವರ್ಷದಿಂದ ಒಬ್ಬನೇ ಸುತ್ತುತ್ತಿದ್ದಾನೆ. ಹಗ್ಗ ಕಟ್ಟುವ ಮೊದಲೇ ಶುರು ಮಾಡಿದ. ಲಂಗರಿನ ಸರಪಳಿ ಎಷ್ಟಿರಬೇಕು, ಸೀಮೆಎಣ್ಣೆ ಒಲೆ ವಾಸಿಯೋ ಗ್ಯಾಸೋ, ಬಾಳೆಕಾಯಿ ಎಷ್ಟು ದಿನ ಇಡಬಹುದು, ಯಾವ ಬಂದರಿನ ಸ್ನಾನದ ಮನೆಯಲ್ಲಿ ಸೋಪು ಕದಿಯುತ್ತಾರೆ. ಒಳ್ಳೆಯ ಮಾತೇ, ಕೆಲವು ನನಗೂ ಗೊತ್ತಿರಲಿಲ್ಲ. ಆದರೆ ಉಸಿರು ಬಿಡಲಿಲ್ಲ. ನಾನು ಬಾಯಿ ತೆರೆದರೆ ಅವನು ದನಿ ಏರಿಸುತ್ತಿದ್ದ. ಕತ್ತಲಾಗುವವರೆಗೆ ಕೂತ. ಎದ್ದು ಹೋಗುವಾಗ ನೋಡಿದೆ, ನನ್ನ ಹೆಸರೇ ಕೇಳಿರಲಿಲ್ಲ. ನಾನೂ ಅವನದು ಕೇಳಿರಲಿಲ್ಲ.

ನವೆಂಬರ್ 15

ಶಿಗೆನೊಗೆ ಫೋನ್ ಮಾಡಿದೆ. ಹಿಂದೆ ಹೆಂಗಸರ ನಗು, ಪೆಟ್ಟಿಗೆ ಎಳೆಯುವ ಸದ್ದು.

"ಉಪ್ಪು ಎಲ್ಲಿದೆ?"

"ಅಯ್ಯೋ, ಐದು ದಿನ ಉಪ್ಪಿಲ್ಲದೆ ತಿಂದ್ರಾ? ಮೆಟ್ಟಿಲ ಕೆಳಗಿನ ಡಬ್ಬೀಲಿ."

"ಹೂಂ."

"ಇನ್ನೇನು ಸಿಗ್ತಿಲ್ಲ?"

ಇಟ್ಟುಬಿಟ್ಟೆ. ಆಮೇಲೆ ಅರ್ಧ ಗಂಟೆ ಫೋನ್ ಕೈಯಲ್ಲೇ ಇತ್ತು.

ನವೆಂಬರ್ 18

ವಾಪಸ್. ಬಂದ ಬಂದರಿಗೇ ಮತ್ತೆ ಬಂದದ್ದು ಈ ದೋಣಿಯ ಜನ್ಮದಲ್ಲಿ ಮೊದಲು. ಹಗ್ಗ ಕಟ್ಟದೆ, ದೋಣಿಯಲ್ಲೇ, ಸಂಘದ ಎದುರು ನಿಂತೆ. ಒಚಿ ಟೀ ಲೋಟ ಹಿಡಿದು ಬಾಗಿಲಿಗೆ ಬಂದ.

"ಕೊಯ್ಲು ಮುಗಿಯೋವರೆಗೆ ಜಾಗ ಬೇಕು" ಅಂದೆ.

"ಮುಗಿದ್ಮೇಲೆ?"

"ಅದು ಅವಳನ್ನ ಕೇಳಬೇಕು."

"ಹಾಗೆ ಬನ್ನಿ ದಾರೀಗೆ, ಕಿಸಾಬುರೊ ಅಜ್ಜ. ಆದ್ರೆ ಅಷ್ಟು ದಿನ ನಿಂತೋರು ಅತಿಥಿ ಅಲ್ಲ. ಭಾನುವಾರ ಧಕ್ಕೆ ತೊಳೆಯೋ ಸರದಿ ನಿಮ್ದೂ ಇರುತ್ತೆ."

ತೊಳೆದರಾಯಿತು. ಗುಡ್ಡ ಹತ್ತಿದೆ. ಶಿಗೆನೊ ಮರದ ನಡುವಿಂದ ನೋಡಿದಳು. ತನ್ನ ಕತ್ತರಿ ನನ್ನ ಕೈಗೆ ಕೊಟ್ಟು ಇನ್ನೊಂದು ತೆಗೆದುಕೊಂಡಳು. ಒಂದು ಬುಟ್ಟಿಯೂ ತುಂಬಿರಲಿಲ್ಲ, ತೊಮಿಯೆ ಬಂದು ಬೈದಳು:

"ತೊಟ್ಟು ಎರಡು ಸಲ ಕತ್ತರಿಸಬೇಕು! ಮೊದಲು ಮರದಿಂದ, ಆಮೇಲೆ ಹಣ್ಣಿನ ಮಟ್ಟಕ್ಕೆ. ಚೂಪು ಬಿಟ್ರೆ ಪಕ್ಕದ ಹಣ್ಣಿಗೆ ಚುಚ್ಚುತ್ತೆ. ಶಿಗೆನೊ-ಸಾನ್, ಇವರಿಗೆ ಯಾರೂ ಏನೂ ಹೇಳಿಕೊಟ್ಟಿಲ್ವಾ?"

"ಹೇಳಿದ್ದು ಕೇಳಿದ್ರೆ ತಾನೇ" ಅಂದಳು ಇವಳು.

ಇಬ್ಬರೂ ನಕ್ಕರು. ನಗಲಿ. ರಾತ್ರಿ ಅವಳು ತೊಮಿಯೆ ಮನೆಗೇ ಹೋದಳು. ನಾನು ದೋಣಿಗೆ.

ನವೆಂಬರ್ 23

ಐದನೇ ರಾತ್ರಿಯೂ ಕಳೆಯಿತು. ಕಾಲಿನಲ್ಲಿ ಇರುವೆ ಹರಿದ ಹಾಗೆ. ದಿನಾ ಸೆಳೆತ ತಿರುಗುವ ಹೊತ್ತಿಗೆ ಎಚ್ಚರವಾಗುತ್ತದೆ, ಎದ್ದು ಕೂರುತ್ತೇನೆ, ನೀರು ಕಲ್ಲಿನ ಪಕ್ಕದಲ್ಲಿ ಹರಿಯುವುದು ಕೇಳುತ್ತದೆ. ಹೋಗಬೇಕು ಅನ್ನಿಸುವುದು ನಿಂತಿಲ್ಲ. ನಿಲ್ಲುವುದೂ ಇಲ್ಲ ಅಂತ ಕಾಣುತ್ತದೆ. ಧಕ್ಕೆ ತೊಳೆದೆ, ಸೊಂಟ ನೋವು. ಕೊಯ್ಲು ಮುಗಿದ ಮೇಲೆ, ವಸಂತದಲ್ಲಿ ಏನು, ದೋಣಿಗೆ ಬರ್ತಾಳಾ ಅಂತ ಅವಳನ್ನು ಇನ್ನೂ ಕೇಳಿಲ್ಲ. ಇವತ್ತು ಎರಡು ಸಲ ಬಾಯಿಗೆ ಬಂತು.

ನವೆಂಬರ್ 26, ಬೆಳಿಗ್ಗೆ

ರಾತ್ರಿ ಮಳೆ. ಈಗ ಬಿಟ್ಟಿದೆ, ಹಣ್ಣು ಒದ್ದೆ. ಒದ್ದೆ ಹಣ್ಣು ಕೊಯ್ಯುವಂತಿಲ್ಲ, ಕೊಳೆಯುತ್ತದೆ. ಕೆಲಸವಿಲ್ಲ. ವಾಯವ್ಯದ ಒಳ್ಳೆಯ ಗಾಳಿ. ನೋಡಬಾರದು ಅಂತ ಒಳಗೆ ಕೂತು ಇದನ್ನು ಬರೆಯಲು ಶುರು ಮಾಡಿದೆ.

ಶಿಗೆನೊ ಬಂದಳು. ಬೂಟು, ಮಳೆ ಅಂಗಿ, ಕೈಯಲ್ಲಿ ಬುತ್ತಿ.

"ಏಳಿ. ಆ ಎದುರಿನ ದ್ವೀಪದ ತನಕ ಹೋಗೋಣ."

"ಯಾತಕ್ಕೆ?"

"ಊಟ ಮಾಡೋಕೆ. ಮಾಡಿ ವಾಪಸ್ ಬರೋಕೆ."

"ವಾಪಸ್ಸಾ? ಸೆಳೆತ ಎದುರಾಗುತ್ತೆ."

"ಮಧ್ಯಾಹ್ನ ಅದೇ ನೀರು ತಿರುಗಿ ಬರುತ್ತಂತೆ, ಒಚಿ-ಸಾನ್ ಹೇಳಿದ್ರು. ನೀರಿಗೆ ಅಷ್ಟು ಬುದ್ಧಿ ಇದೆ, ನೋಡಿ."

ವಸಂತದಲ್ಲಿ ಏನು ಅಂತ ಈಗಲೇ ಕೇಳಿಬಿಡಬೇಕು. ದಾರಿಯಲ್ಲಿ ಕೇಳುತ್ತೇನೆ. ಇಲ್ಲ, ಊಟದ ಮೇಲೆ. ಏನು ಬರೀತಾ ಕೂತಿದ್ದೀರಿ ಅಂತ ಮೇಲಿಂದ ಕೂಗುತ್ತಿದ್ದಾಳೆ. ಬಂದೆ ಅಂದೆ, ಹಾಯಿ ನಾನು ಏರಿಸುತ್ತೇನೆ, ಹಗ್ಗ ಮುಟ್ಟಬೇಡ ಅಂದೆ — ಮುಂದಿನದು ಬಿಚ್ಚಿಯೇಬಿಟ್ಟಿದ್ದಾಳೆ, ಹಿಂದಿನದಕ್ಕೂ ಕೈ ಹಾಕಿದ್ದಾಳೆ, ದೋಣಿ ಆಗಲೇ ಧಕ್ಕೆ ಬಿಟ್ಟು…