ಸಮುದ್ರಕ್ಕೆ ಚರಗ ಚೆಲ್ಲಿದ ಅಪರಾಧ

ಕಡಲದಂಡೆಯನ್ನು ರಿಸಾರ್ಟುಗಳಿಗೆ ಗುತ್ತಿಗೆ ಕೊಡುವ ಅಧಿಕಾರಿಗಳೇ,

ಮಾನ್ಯರೇ ಎನ್ನಲು ಮನಸ್ಸು ಒಪ್ಪುತ್ತಿಲ್ಲ, ಕ್ಷಮಿಸಬೇಡಿ. ಸಮುದ್ರದ ನೀರನ್ನು ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂದು ತೀರ್ಮಾನಿಸುವ ಅಧಿಕಾರವನ್ನು ನೀವು ಒಬ್ಬ ರಿಸಾರ್ಟ್ ಮ್ಯಾನೇಜರನಿಗೆ ಬರೆದುಕೊಟ್ಟಿದ್ದೀರಿ. ಬಾವಿ ನೀರಿಗೆ, ಕೆರೆ ನೀರಿಗೆ ಹೋರಾಡಿದವರು ನಾವು. ಉಪ್ಪುನೀರಿಗೂ ಕಾವಲು ಬೀಳುತ್ತದೆಂದು ಎಣಿಸಿರಲಿಲ್ಲ.

ಸುಂದರಬಾಯಿ ಮರಾಠಿ ಗಡಿಯ ಮೆಹಕರದಿಂದ ನಮ್ಮ ಭಾಲ್ಕಿ ಓಣಿಗೆ ಸೊಸೆಯಾಗಿ ಬಂದವರು. ಕಣ್ಣಿನ ನರ ಒಣಗುತ್ತಿದೆ, ಬೆಳಕು ಹೆಚ್ಚು ದಿನ ಉಳಿಯದು ಎಂದು ಬೀದರಿನ ಡಾಕ್ಟರು ಹೇಳಿದಾಗ ಅಳಲಿಲ್ಲ. ನರ್ಸಾಗಿರುವ ನನ್ನ ಹೆಂಡತಿ ಫ್ಲಾರೆನ್ಸಳ ಕೈ ಹಿಡಿದು, "ಸಿಸ್ಟರಬಾಯಿ, ಕಣ್ಣಿರೂತನಕ ಒಮ್ಮಿ ಸಮುದ್ರ ತೋರಿಸ್ರಿ" ಅಂದರು. ಕರೆದುಕೊಂಡು ಹೋಗಿ, ಕಡಲದಂಡೆಯ ರಿಸಾರ್ಟಿನಲ್ಲೇ ದುಡ್ಡು ಕೊಟ್ಟು ರೂಮು ಹಿಡಿದೆವು.

ತಲುಪಿದ ಮರುದಿನ ಎಳ್ಳಮಾವಾಸ್ಯೆ. ಅಂದು ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಅಡಿಗೆಯ ಮೊದಲ ತುತ್ತನ್ನು ನೆಲಕ್ಕೆ ಚೆಲ್ಲುತ್ತಾರೆ. ಅದೇ ಚರಗ. ಮೊದಲು ಭೂಮಿ ಉಣ್ಣಬೇಕು, ಆಮೇಲೆ ಮನುಷ್ಯರು. ಮೆಥಡಿಸ್ಟ್ ಕ್ರೈಸ್ತರಾದ ನಾವೂ ನೆರೆಯವರ ಹೊಲದಲ್ಲಿ ಕೂತು ಉಣ್ಣುವ ಹಬ್ಬ ಅದು. ಸುಂದರಬಾಯಿ ಬುತ್ತಿಯ ಸಜ್ಜಿ ರೊಟ್ಟಿ ಮುರಿಯುತ್ತ ಅಲೆಗಳಿಂದ ದೂರವೇ ನಿಂತರು. ನೀರಿಗೆ ಇಳೀರಿ ಅಂದೆ.

"ತಡೀರಿ ಮಾಸ್ತರ. ಇಷ್ಟು ದೊಡ್ಡ ಹೊಲ ಅದ, ಇದಕ್ಕ ಚರಗ ಚೆಲ್ಲೋರು ಯಾರೂ ಇಲ್ಲೇನ್ರಿ? ಮೊದಲ ಇದು ಉಣ್ಣಲಿ, ಆಮ್ಯಾಲ ಮುಟ್ಟತೇನಿ."

ಒಂದು ಹಿಡಿ ಚೆಲ್ಲುವುದರೊಳಗೆ ಸೀಟಿ. ಮ್ಯಾನೇಜರ್ ಓಡಿ ಬಂದ.

"ಕಸ ಹಾಕ್ತೀರಾ? ಗೆಸ್ಟ್‌ಗಳು ನೋಡ್ತಿದ್ದಾರೆ!"

"ಕಸಾ ಅಲ್ಲೋ ಯಪ್ಪಾ, ರೊಟ್ಟಿ ಅದ. ಹಸಿವಾಗಿದ್ರ ನೀನೂ ತಗೋ."

"ನಾವು ಗೆಸ್ಟ್ ಅಲ್ಲೇನ್ರಿ?" ಫ್ಲಾರೆನ್ಸ ಕೇಳಿದಳು. ಅವನು ಸುಂದರಬಾಯಿಯ ಕಚ್ಚೆ ಸೀರೆಯನ್ನು ಮೇಲಿಂದ ಕೆಳಗೆ ನೋಡಿ ನಕ್ಕ. ಕಾವಲುಗಾರರು ನಮ್ಮನ್ನು ದಂಡೆಯಿಂದ ಗೇಟಿನೊಳಗೆ ದಬ್ಬಿದರು. ಬೇಕಾದರೆ ಈಜುಕೊಳದಲ್ಲಿ ಕಾಲು ಅದ್ದಿಕೊಳ್ಳಿ ಎಂಬ ಔದಾರ್ಯ ಬೇರೆ! ಸುಂದರಬಾಯಿ ಬೆರಳು ಅದ್ದಿ ಮೂಸಿದರು. "ಥೂ, ದವಾಖಾನಿ ವಾಸನಿ."

ಸಂಜೆ ಪಕ್ಕದೂರಿನ ದಂಡೆಗೆ ಹೋಗೋಣವೆಂದು ಕಾಡಿಬೇಡಿದೆವು. "ನಕೋ, ಬ್ಯಾಡ್ರಿ. ಒಮ್ಮಿ ದಬ್ಬಿಸ್ಕೊಂಡಿದ್ದು ಸಾಕು" ಅಂದವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಬೆಳಗಾದರೆ ರೈಲು.

ಸಾಹೇಬರೇ, ಅದೇ ಮರಳಿನಲ್ಲಿ ನಿಮ್ಮ 'ಗೆಸ್ಟ್‌ಗಳು' ಕುಡಿದೆಸೆದ ಬಾಟಲಿಗಳು ಬಿದ್ದಿದ್ದವು. ಬಾಟಲಿ ಪ್ರವಾಸೋದ್ಯಮ, ರೊಟ್ಟಿ ಕಸ. ಇದು ಯಾವ ಕಾನೂನು? ಬಲೆ ಒಣಗಿಸುತ್ತಿದ್ದ ಮೀನುಗಾರರನ್ನೂ ಇದೇ ಕಾನೂನಿನಲ್ಲಿ ಓಡಿಸಿದಿರಾ? ಸಮುದ್ರ ನಿಮ್ಮ ಅಪ್ಪನ ಆಸ್ತಿಯೇ, ಗುತ್ತಿಗೆ ಕೊಡಲು?

ಮುಂಗಾರಿಗೆ ಮೊದಲೇ ಆಕೆಯ ಕಣ್ಣು ಪೂರ್ತಿ ಹೋದವು. ಮೊನ್ನೆ ಫ್ಲಾರೆನ್ಸಳನ್ನು ಕೇಳಿದರು: "ಸಿಸ್ಟರಬಾಯಿ, ಆ ನೀರು ಬೆಚ್ಚಗ ಇರ್ತದೋ, ತಣ್ಣಗೋ?" ನಮಗೇನು ಗೊತ್ತು? ಆಕೆಗಿಂತ ಮೊದಲು ಇಳಿಯಬಾರದೆಂದು ನಾವೂ ಇಳಿದಿರಲಿಲ್ಲ.

ಆ ಗುತ್ತಿಗೆ ರದ್ದು ಮಾಡಿ. ದಂಡೆ ಬಿಡಿ. ನೀವು ಮಾಡುವುದಿಲ್ಲ, ಗೊತ್ತಿದೆ; ಧರಣಿ ಕೂತು ಕೂತು ನಿಮ್ಮಂಥವರ ಮೌನ ನಮಗೆ ರೂಢಿಯಾಗಿದೆ. ಇಷ್ಟಾದರೂ ಮಾಡಿ. ನಿಮ್ಮನ್ನು ಅಲ್ಲಿ ಯಾರೂ ತಡೆಯುವುದಿಲ್ಲ. ಹೋಗಿ, ಕೈ ಅದ್ದಿ. ಬೆಚ್ಚಗೋ, ತಣ್ಣಗೋ, ಒಂದು ಸಾಲು ಬರೆದು ತಿಳಿಸಿ. ಆಕೆ ಕೇಳುತ್ತಲೇ ಇದ್ದಾರೆ.

ಇಂತಿ,
ಕಡಲತನಕ ಹೋಗಿ ಒಣಗಾಲಲ್ಲಿ ಮರಳಿದ
ಪ್ರಭುದಾಸ ಮಾಸ್ತರ, ಭಾಲ್ಕಿ